ಕೀಬೋರ್ಡ್ ಮಾರಿದ ಮೇಲೆ ಕುದುರಿದ ಮನೆಕೂಟ

ಬಳ್ಳಾರಿಯ ಕೌಲ್‌ಬಜಾರಿನ ನಮ್ಮ ಮನೆಯಲ್ಲಿ ಗುರುವಾರದ ಕ್ರೈಸ್ತ ಪ್ರಾರ್ಥನಾ ಕೂಟ ಆರಂಭಿಸಿ ಹೆಚ್ಚುಕಡಿಮೆ 4 ವರ್ಷಗಳಾದವು. ಆಮೇಲೆ ಪ್ರಸಂಗ (ಬೋಧನೆ) ಬಿಟ್ಟಾಗ, ಸುಮ್ಮನೆ ಕೂರುವ ಕೂಟಕ್ಕೆ ಯಾರು ಬರುತ್ತಾರೆಂದು ನಮ್ಮ ಸಭೆಯ ಹಿರಿಯರೇ ನಕ್ಕಿದ್ದರು. ಈಗ 14-15 ಮಂದಿ ವಾರ ತಪ್ಪಿಸದೆ ಬರುತ್ತಿರುವುದರಿಂದ, ಮನೆಕೂಟ ನಡೆಸುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲ ವರ್ಷ ಮಾಡಿದ್ದೆಲ್ಲ ತಪ್ಪೇ. ಮೈಕ್ ಸೆಟ್, ಕೀಬೋರ್ಡ್, ಕುರ್ಚಿ ಸೇರಿ 30 ಸಾವಿರದ ಹತ್ತಿರ ಖರ್ಚಾಯಿತು; ಅದರಲ್ಲಿ ಅರ್ಧದಷ್ಟು ಹೆಂಡತಿಯ ಚೀಟಿಯ ಹಣ. ಹೊರಗಿನ ಪ್ರಸಂಗಿಗಳು ಬಂದ ದಿನ ಅಂಗಳ ತುಂಬುತ್ತಿತ್ತು, ಮರುವಾರ ಐದೇ ಜನ. ಬರುವವರಲ್ಲಿ ಹೆಚ್ಚಿನವರು ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುವವರು. ರಾತ್ರಿ 8ಕ್ಕೆ ಕೆಲಸ ಬಿಟ್ಟು ಬಂದ ಅವರನ್ನು ಹತ್ತೂವರೆಯವರೆಗೆ ಕೂರಿಸಿಕೊಂಡು, ಹೊರೆ ಹೊತ್ತವರನ್ನು ಯೇಸು ತನ್ನ ಬಳಿಗೆ ಕರೆಯುವ ಮತ್ತಾಯ 11:28ರ ವಿಶ್ರಾಂತಿಯ ಕುರಿತು ಪ್ರಸಂಗ ಮಾಡಿಸುತ್ತಿದ್ದೆ! ಒಮ್ಮೆ ಇಡೀ ರಾತ್ರಿಯ ಪ್ರಾರ್ಥನೆಯನ್ನೂ ಇಟ್ಟೆ. ಮರುದಿನ ಓವರ್‌ಲಾಕ್ ಮಷಿನ್ ಮುಂದೆ ತೂಕಡಿಸಿದ ಹುಡುಗನೊಬ್ಬ ಪ್ಯಾಂಟುಗಳ ಹೊಲಿಗೆ ಕೆಡಿಸಿದ. ಬಟವಾಡೆಯಲ್ಲಿ ಮುರಿದುಕೊಂಡ ಹಣವನ್ನು, 800 ರೂಪಾಯಿ ಇರಬೇಕು, ನಾನೇ ಕೊಟ್ಟೆ. ಅದೇ ವಾರ ವಯಸ್ಸಾದ ತಾಯಿಯೊಬ್ಬರು, "ಹೊರಿ ಇಳಿಸಾಕಂತ ಬಂದ್ರ ನೀವು ಇನ್ನೊಂದು ಹೊರಸ್ತೀರಲ್ಲ ಬ್ರದರ್" ಎಂದರು. 9 ಸಾವಿರದ ಕೀಬೋರ್ಡ್ 4 ಸಾವಿರಕ್ಕೆ ಹೋಯಿತು.

ಈಗ ಎಂಟೂವರೆಗೆ ಆರಂಭ, ಒಂಬತ್ತೂಕಾಲಿಗೆ ಮುಕ್ತಾಯ. ಸತ್ಯವೇದದ (ಬೈಬಲಿನ) ಒಂದೇ ಕೀರ್ತನೆಯನ್ನು ಮೂವರು ಒಬ್ಬರಾದ ಮೇಲೊಬ್ಬರು ಓದುತ್ತಾರೆ. ಪ್ರತಿ ಓದಿನ ನಂತರ ಮೌನ. ಮೊದಲ ತಿಂಗಳು ಆ ಮೌನ 2 ನಿಮಿಷವೂ ನಿಲ್ಲಲಿಲ್ಲ. ಯಾರಿಗೋ ಕೆಮ್ಮು, ಯಾರದೋ ಫೋನ್. ಈಗ ಸರಾಗವಾಗಿ 10 ನಿಮಿಷ ನಿಲ್ಲುತ್ತದೆ. ಉದ್ದುದ್ದ ಪ್ರಾರ್ಥನೆ ಮಾಡುವವರನ್ನು ಮನಸ್ಸು ನೋಯಿಸದೆ ಹೇಗೆ ತಡೆದೆನೆಂಬುದನ್ನು ಇಲ್ಲಿ ಬರೆಯಲಾರೆ. ಅವರೂ ಇದನ್ನು ಓದುತ್ತಾರೆ. 62ನೆಯ ಕೀರ್ತನೆಯನ್ನು ನಾವು ಎಷ್ಟು ಸಲ ಓದಿದ್ದೇವೆಂದರೆ, ನಮ್ಮ ಮನೆಯ ಸತ್ಯವೇದದಲ್ಲಿ ಆ ಪುಟದ ಅಂಚೆಲ್ಲ ಜೀನ್ಸಿನ ನೀಲಿ ಬಣ್ಣದ ಹೆಬ್ಬೆಟ್ಟಿನ ಗುರುತುಗಳಿಂದ ತುಂಬಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಬೆಳಗಿನ 5ರ ಪ್ರಾರ್ಥನೆ ಮೂರೇ ವಾರಕ್ಕೆ ಮುಗಿಯಿತು. ಓದು ಕನ್ನಡದಲ್ಲೇ ಆಗಬೇಕೆಂಬುದು ನನ್ನ ಹಠವಾಗಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಂದು ನೆಲೆಸಿ, ಕನ್ನಡ ಕಲಿತು, ಸತ್ಯವೇದದ ಭಾಷಾಂತರಕ್ಕೆ ಕೈಹಾಕಿದ್ದು ಇದೇ ಬಳ್ಳಾರಿಯಲ್ಲಿ. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡಕ್ಕೆ ಬಂದಿತ್ತು. ಆದರೆ ನಮ್ಮಲ್ಲಿ ಮನೆಮಾತು ತೆಲುಗಾಗಿರುವವರೂ ಇದ್ದಾರೆ. ಮೂರನೆಯ ಓದನ್ನು ತೆಲುಗಿಗೆ ಬಿಟ್ಟುಕೊಟ್ಟ ದಿನ, ಅದುವರೆಗೆ ಬಾಯಿ ಬಿಡದಿದ್ದ ಅಜ್ಜಿಯೊಬ್ಬರು ತಾವೇ ಪ್ರಾರ್ಥಿಸಿದರು.

ಕೊನೆಗೆ ಮಂಡಾಳೊಗ್ಗರಣೆ, ಮಿರ್ಚಿ, ಚಹಾ. ವಾರಕ್ಕೆ 400-450 ರೂಪಾಯಿ ತಗಲುತ್ತದೆ, ಕಾಣಿಕೆ ಡಬ್ಬಿಯಲ್ಲಿ 300 ಬಿದ್ದರೆ ದೊಡ್ಡದು. ಅಪೊಸ್ತಲರ ಕೃತ್ಯಗಳು 2:42ರಲ್ಲಿ ಬೋಧನೆ, ಪ್ರಾರ್ಥನೆಗಳ ಜೊತೆಗೇ ಅನ್ಯೋನ್ಯತೆಯೂ ರೊಟ್ಟಿ ಮುರಿಯುವುದೂ ಇರುವುದರಿಂದ, ಈ ಖರ್ಚನ್ನು ಮಾತ್ರ ನಾನು ಕಡಿತ ಮಾಡಿಲ್ಲ. ಬಾರದವರ ಪಾಲನ್ನು ಕಾಗದದಲ್ಲಿ ಕಟ್ಟಿ, ಪಕ್ಕದ ಓಣಿಯವರ ಕೈಯಲ್ಲಿ ಅದೇ ರಾತ್ರಿ ಕಳುಹಿಸುತ್ತೇವೆ. ಕಾಯಿಲೆ, ಸಾಲ, ಜಗಳಗಳ ಸುದ್ದಿ ನಮಗೆ ಮುಟ್ಟುವುದು ಹಾಗೆಯೇ.

ಕಳೆದ ತಿಂಗಳು, ಅಂದು ನಕ್ಕಿದ್ದ ಹಿರಿಯರಲ್ಲೊಬ್ಬರು ಬಂದು ಬಾಗಿಲ ಬಳಿ ಕುಳಿತರು. ಎರಡನೆಯ ಮೌನದಲ್ಲಿ ಅವರಿಗೆ ನಿದ್ದೆ ಹತ್ತಿತು. ಚಹಾ ಬರುವವರೆಗೆ ಯಾರೂ ಎಬ್ಬಿಸಲಿಲ್ಲ.