ಹೊಸ ಪ್ಯಾಡ್ ಹಾಕಿದ ಮೇಲೆ ಹಿಂದಿನ ಚಕ್ರ ಹಿಡಿದುಕೊಂಡಿತು

ಬೈಕಿನ ಬ್ರೇಕ್ ಪ್ಯಾಡ್ ಬದಲಿಸುವುದು ಒಂದು ಗಂಟೆಯ ಕೆಲಸ ಅಂದುಕೊಂಡು ಪಾನಾ ಹಿಡಿದು ಕೂತವನು ನಾನು. ಕೆಲಸ ಮುಗಿದದ್ದು ಮೂರನೇ ಭಾನುವಾರ.

ನನ್ನ ಬೈಕಿನದು ಪೂರ್ತಿ ಹೈಡ್ರಾಲಿಕ್ ಲಿಂಕ್ಡ್ ಬ್ರೇಕ್: ಕೈ ಲಿವರ್ ಹಿಡಿದರೂ ಕಾಲಿನ ಪೆಡಲ್ ಒತ್ತಿದರೂ ಆಯಿಲ್ ಒತ್ತಡದಿಂದ ಎರಡೂ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಸ್ಕೂಟರಿನ ಹಾಗೆ ಒಂದು ಲಿವರ್ ಹಿಡಿದರೆ ಎರಡು ಕೇಬಲ್ ಎಳೆಯುವ ಸರಳ ಬಾಬತ್ತಲ್ಲ. ಡಿಸ್ಕಿಗೆ ಪ್ಯಾಡ್ ಒತ್ತಿ ಹಿಡಿಯುವ ಒಂದೊಂದು ಕ್ಯಾಲಿಪರಿಗೂ ಮೂರು ಪಿಸ್ಟನ್. ಮುಂದೆ ಅಂಚಿನ ಎರಡು ಪಿಸ್ಟನ್ ಕೈ ಲಿವರಿನವು, ನಡುವಿನದು ಕಾಲಿನ ಪೆಡಲಿನದು. ಹಿಂದೆ ನಡುವಿನ ಪಿಸ್ಟನ್ನಿಗೆ ಪೆಡಲಿನಿಂದ ನೇರ ದಾರಿ. ಅಂಚಿನ ಎರಡಕ್ಕೆ ಸುತ್ತುದಾರಿ. ಮುಂದಿನ ಎಡಗಡೆ ಕ್ಯಾಲಿಪರ್ ಬಿಗಿಯಾಗಿ ಕೂತಿರುವುದಿಲ್ಲ, ಕೀಲಿನ ಮೇಲೆ ಚೂರು ಆಡುತ್ತದೆ. ಬ್ರೇಕ್ ಹಿಡಿದಾಗ ತಿರುಗುವ ಡಿಸ್ಕ್ ಅದನ್ನು ತನ್ನ ಜೊತೆ ಮೇಲಕ್ಕೆ ಎಳೆಯುತ್ತದೆ. ಆ ಎಳೆತ ಪಕ್ಕದಲ್ಲೇ ಇರುವ, ಆಯಿಲ್ ತಳ್ಳುವ ಪುಟ್ಟ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ, ಅಲ್ಲಿಂದ ಒತ್ತಡ ಹಿಂದಿನ ಕ್ಯಾಲಿಪರಿನ ಅಂಚಿನ ಪಿಸ್ಟನ್‌ಗಳಿಗೆ ಹೋಗುತ್ತದೆ. ಸೆಕೆಂಡರಿ ಮಾಸ್ಟರ್ ಸಿಲಿಂಡರ್ ಅನ್ನುವುದು ಇದನ್ನೇ. ಅಂದರೆ ಹಿಂದಿನ ಚಕ್ರದ ತೊಂದರೆಯ ಬೇರು ಮುಂದಿನ ಚಕ್ರದ ಹತ್ತಿರ ಇರಬಹುದು. ಇಷ್ಟು ತಲೆಗೆ ಹೋಗುವುದಕ್ಕೇ ನನಗೆ ಎರಡು ಭಾನುವಾರ ಬೇಕಾಯಿತು.

ಮೊದಲ ದಿನ ಹಿಂದಿನ ಹಳೇ ಪ್ಯಾಡ್ ತೆಗೆದೆ. ಮುಂದಿನವು ಇನ್ನೂ ಅರ್ಧ ಇದ್ದರೆ ಹಿಂದಿನವು ತಗಡಿನ ಹತ್ತಿರಕ್ಕೆ ಸವೆದಿದ್ದವು. ಅದು ಯಾಕೆ ಅಂತ ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಪಿಸ್ಟನ್‌ಗಳ ಕೊಳೆ ತೆಗೆದು ಒಳಕ್ಕೆ ಒತ್ತಿದೆ. ನಡುವಿನದು ಬೆಣ್ಣೆಯಂತೆ ಹೋಯಿತು. ಅಂಚಿನವು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ತುಕ್ಕು ಹಿಡಿದಿರಬೇಕು ಅಂದುಕೊಂಡು, ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ ಸಡಿಲಿಸಿದೆ. ಚಿಳ್ ಅಂತ ಕಾಫಿ ಬಣ್ಣದ ಆಯಿಲ್ ಚಿಮ್ಮಿತು, ಎರಡೂ ಪಿಸ್ಟನ್ ಸಲೀಸಾಗಿ ಒಳಗೆ ಹೋದವು. ಖುಷಿಯಾಗಿ ಹೊಸ ಪ್ಯಾಡ್ ಹಾಕಿ ನಿಪ್ಪಲ್ ಮುಚ್ಚಿದೆ. ತುಕ್ಕು ಹಿಡಿದ ಪಿಸ್ಟನ್ ನಿಪ್ಪಲ್ ತೆರೆದ ಮಾತ್ರಕ್ಕೆ ಸಡಿಲವಾಗುತ್ತದೆಯೇ? ಆಯಿಲ್‌ಗೆ ಹಿಂದಕ್ಕೆ ಹೋಗಲು ದಾರಿಯಿಲ್ಲ ಅಂತ ಬೈಕೇ ಹೇಳುತ್ತಿತ್ತು.

ಮೇನ್ ಸ್ಟ್ಯಾಂಡ್ ಮೇಲೆ ಚಕ್ರ ಚೆನ್ನಾಗಿಯೇ ತಿರುಗಿತು. ಹೊರಟು ಹತ್ತು ನಿಮಿಷಕ್ಕೆ ಬೈಕ್ ಭಾರ ಅನ್ನಿಸತೊಡಗಿತು, ಥ್ರಾಟಲ್ ಬಿಟ್ಟರೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ. ಇಳಿದು ನೋಡಿದರೆ ಸುಟ್ಟ ವಾಸನೆ, ಡಿಸ್ಕಿನ ಹತ್ತಿರ ಕೈ ಒಯ್ಯಲಾಗದಷ್ಟು ಕಾವು. ತಳ್ಳಿದರೆ ಮುಂದೆ ಹೋಗುತ್ತಿಲ್ಲ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟ ಮೇಲೆ ತಾನಾಗಿಯೇ ಸಡಿಲವಾಯಿತು. ಸಿಕ್ಕಿಕೊಂಡ ಆಯಿಲ್ ಕಾವಿಗೆ ಹಿಗ್ಗುತ್ತದೆ, ಹಿಗ್ಗಿದಷ್ಟೂ ಪ್ಯಾಡ್ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ಕಾವು ಏರುತ್ತದೆ. ವೇಗದಲ್ಲಿದ್ದಾಗ ಹೀಗಾಗಿದ್ದರೆ ಚಕ್ರ ಲಾಕ್ ಆಗಿ ಬೀಳುತ್ತಿದ್ದೆ.

ಎರಡನೇ ಭಾನುವಾರ ಪೂರ್ತಿ ತಪ್ಪು ಜಾಗದಲ್ಲಿ ಕಳೆದೆ. ಪ್ಯಾಡಿನ ಅಳತೆ ನೋಡಿದೆ, ಕ್ಯಾಲಿಪರಿನ ಸ್ಲೈಡ್ ಪಿನ್ ತೆಗೆದು ಗ್ರೀಸ್ ಹಚ್ಚಿದೆ, ಆಕ್ಸಲ್ ನೇರವಿದೆಯೇ ಅಂತ ಪರೀಕ್ಷಿಸಿದೆ. ಎಲ್ಲ ಸರಿ. ಚಕ್ರ ಮತ್ತೆ ಹಿಡಿದುಕೊಂಡಿತು.

ಮೂರನೇ ವಾರ ಮೊದಲೇ ಮಾಡಬೇಕಿದ್ದದ್ದನ್ನು ಮಾಡಿದೆ. ಚಕ್ರ ಹಿಡಿದುಕೊಂಡಿರುವಾಗಲೇ ಅಂಚಿನ ಪಿಸ್ಟನ್‌ಗಳ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿದೆ. ಒಂದು ಚಮಚೆಯೂ ಆಯಿಲ್ ಬಂದಿರಲಿಕ್ಕಿಲ್ಲ, ಚಕ್ರ ತಟಕ್ಕನೆ ಬಿಟ್ಟುಕೊಂಡಿತು. ನಿಪ್ಪಲ್ ತೆರೆದಾಗ ಬಿಟ್ಟುಕೊಂಡರೆ ಒಳಗೆ ಒತ್ತಡ ಸಿಕ್ಕಿಕೊಂಡಿದೆ ಅಂತ. ಆಗಲೂ ಬಿಡದಿದ್ದರೆ ಪಿನ್ನು, ಪಿಸ್ಟನ್ನು, ಪ್ಯಾಡು ನೋಡಬೇಕು. ಆಮೇಲೆ ನಿಪ್ಪಲ್ ಮುಚ್ಚಿ, ಒಂದು ಕೈಯಲ್ಲಿ ಮುಂದಿನ ಎಡ ಕ್ಯಾಲಿಪರನ್ನು ಮೇಲಕ್ಕೆ ಒತ್ತಿ ಹಿಡಿದೆ, ಹಿಂದಿನ ಚಕ್ರ ತಿರುಗಿಸಲು ಹೆಂಡತಿಯನ್ನು ಕರೆದೆ. "ಹಿಡೀತು" ಅಂದಳು. ಕೈ ಬಿಟ್ಟೆ. "ಇನ್ನೂ ಹಿಡ್ಕೊಂಡೇ ಇದೆ." ಕೈ ಬಿಟ್ಟ ಕ್ಷಣ ಬಿಡಬೇಕಿತ್ತು. ಕಳ್ಳ ಸಿಕ್ಕ.

ಸೆಕೆಂಡರಿ ಸಿಲಿಂಡರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಪಿಸ್ಟನ್ ಹೊರಗೆ ತೆಗೆದೆ. ತುದಿಯಲ್ಲಿ ಜಾಮಿನಂಥ ಅಂಟು, ಗೋಡೆಯ ಮೇಲೆ ಬಿಳೀ ಪುಡಿ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಎರಡು ತೂತು: ದೊಡ್ಡದು ಶುಭ್ರ, ಸೂಜಿಮೊನೆಯಷ್ಟಿರುವ ಚಿಕ್ಕದು ಕಾಣುತ್ತಲೇ ಇಲ್ಲ. ಬ್ರೇಕ್ ಬಿಟ್ಟ ಮೇಲೆ ಒತ್ತಡ ವಾಪಸ್ ಇಳಿಯಬೇಕಾದದ್ದು ಈ ಚಿಕ್ಕ ತೂತಿನಿಂದ. ಹಳೇ ಕೇಬಲ್ಲಿನ ಒಂದು ಎಳೆ ತೂರಿಸಿ, ಬ್ರೇಕ್ ಆಯಿಲ್‌ನಲ್ಲೇ ತೊಳೆದು, ಗಾಳಿ ಊದಿದೆ. ದಪ್ಪ ತಂತಿ ತುರುಕಿ ತೂತು ಅಗಲ ಮಾಡಬಾರದು, ಪೆಟ್ರೋಲಿನಲ್ಲಿ ತೊಳೆದರೆ ರಬ್ಬರ್ ಊದಿಕೊಳ್ಳುತ್ತದೆ. ಗೋಡೆಯಲ್ಲಿ ಗೀರು ಇರಲಿಲ್ಲ, ಹಾಗಾಗಿ ಹೊಸ ಪಿಸ್ಟನ್ ಮತ್ತು ಸೀಲ್ ಕಿಟ್ ಹಾಕಿದೆ. ಗೀರು ಕಂಡಿದ್ದರೆ ಇಡೀ ಸಿಲಿಂಡರನ್ನೇ ಬದಲಿಸುತ್ತಿದ್ದೆ. ಕ್ಯಾಲಿಪರ್ ಕೀಲಿನ ಬೇರಿಂಗ್ ಒಣಗಿತ್ತು, ಅದಕ್ಕೂ ಗ್ರೀಸ್ ಆಯಿತು.

ಬಿಚ್ಚಿದಾಗ ಒಳಹೊಕ್ಕ ಏರ್ ತೆಗೆಯುವುದು ಮಾತ್ರ ಗೋಳು. ಪೆಡಲ್ ಒತ್ತೀ ಒತ್ತೀ ಅರ್ಧ ಬಾಟಲಿ ಡಾಟ್ 4 ಬ್ರೇಕ್ ಆಯಿಲ್ ಖಾಲಿಯಾದರೂ ಹಿಂದಿನ ಅಂಚಿನ ಲೈನಿನಲ್ಲಿ ಗುಳ್ಳೆ ನಿಲ್ಲಲಿಲ್ಲ. ಗಾಳಿ ಸೆಕೆಂಡರಿ ಸಿಲಿಂಡರಿನಲ್ಲೇ ಕೂತಿತ್ತು. ಕೊನೆಗೆ ಪೆಡಲ್ ಬಿಟ್ಟು ಎಡ ಕ್ಯಾಲಿಪರನ್ನೇ ಪಂಪಿನಂತೆ ಬಳಸಿದೆ: ಅದನ್ನು ಒತ್ತಿ ಹಿಡಿ, ಹಿಂದೆ ನಿಪ್ಪಲ್ ತೆರೆ, ಮುಚ್ಚು, ಕ್ಯಾಲಿಪರ್ ಬಿಡು. ಇಪ್ಪತ್ತು ಸಲಕ್ಕೆ ಗುಳ್ಳೆ ನಿಂತಿತು. ಈ ನಡುವೆ ಬೈಕಿನ ಆಯಿಲ್ ಡಬ್ಬಿಯಲ್ಲಿ ಆಯಿಲ್ ತಳ ಮುಟ್ಟದಂತೆ ನೋಡಿಕೊಳ್ಳಬೇಕು, ಮುಟ್ಟಿದರೆ ಗಾಳಿ ಹೊಕ್ಕು ಮತ್ತೆ ಮೊದಲಿಂದ. ಒಮ್ಮೆ ಹಾಗೂ ಆಯಿತು. ಡಬ್ಬಿ ತುಂಬಿದ ಮೇಲೆ ಪೇಂಟಿನ ಮೇಲೆ ಬಿದ್ದ ಹನಿಗಳಿಗೆ ತಕ್ಷಣ ನೀರು ಹಾಕಿದೆ. ಆದರೂ ಸೈಡ್ ಪ್ಯಾನೆಲ್ ಮೇಲೆ ಕಾಸಗಲದ ಕಲೆ ಉಳಿಯಿತು.

ಮೊದಲ ಸುತ್ತು ನಡಿಗೆಯ ವೇಗದಲ್ಲೇ, ಐದಾರು ಸಲ ಬ್ರೇಕ್ ಹಿಡಿದು, ಪ್ರತಿ ಸಲ ಇಳಿದು ತಳ್ಳಿ ನೋಡಿದೆ. ಆಮೇಲೆ ಇಪ್ಪತ್ತು ಕಿಲೋಮೀಟರ್. ಬಂದು ಹಿಂದಿನ ಡಿಸ್ಕಿನ ಹತ್ತಿರ ಕೈ ಒಯ್ದರೆ ಉಗುರುಬೆಚ್ಚಗಿತ್ತು, ಚಕ್ರ ಬೆರಳಿಗೇ ತಿರುಗಿತು. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತ ಡಬ್ಬಿಯ ಮುಚ್ಚಳದ ಪಕ್ಕದಲ್ಲೇ ನಾನು ಬರೆದು ಅಂಟಿಸಿದ್ದ ಚೀಟಿ ಇನ್ನೂ ಇದೆ; ಅದರಲ್ಲಿರುವ ತಾರೀಖಿಗೆ ಐದು ವರ್ಷ ದಾಟಿತ್ತು.