ಬೆಳಗಿನ ಜಾವದ ವೋಲ್ಟೇಜ್

ಮಲೆನಾಡಿನ ಮಳೆಗಾಲದಲ್ಲಿ ಸೌರಫಲಕವನ್ನು ನೆಚ್ಚಿ ಕೂರುವಂತಿಲ್ಲ. ನನ್ನ ಮಳೆಮಾಪಕಕ್ಕೆ ಹೆಚ್ಚು ಕೆಲಸ ಇರುವುದೂ ಅದೇ ತಿಂಗಳುಗಳಲ್ಲಿ. ಅಡಿಕೆ ತೋಟದಾಚೆಯ ಬಯಲಿನಲ್ಲಿ ನಿಂತಿರುವ ಅದರ ಪೆಟ್ಟಿಗೆಯೊಳಗೆ ಫಲಕದಿಂದ ಚಾರ್ಜ್ ಆಗುವ ಒಂದು 18650 ಲಿಥಿಯಂ ಸೆಲ್, ಲೆಕ್ಕ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರಾದ ಎಟಿಮೆಗಾ328ಪಿ ಚಿಪ್, ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಸಂದೇಶ ಕಳಿಸುವ 865 ಮೆಗಾಹರ್ಟ್ಸ್‌ನ ಲೋರಾ ರೇಡಿಯೊ ಇವೆ. ಸೆಲ್‌ನಲ್ಲಿ ಇನ್ನೆಷ್ಟು ಉಳಿದಿದೆ ಎಂದು ಪೆಟ್ಟಿಗೆಯೇ ಹೇಳಬೇಕಿತ್ತು. ಉಂಬಳ ಕಚ್ಚಿಸಿಕೊಂಡು ಮಲ್ಟಿಮೀಟರ್ ಹಿಡಿದು ಅಲ್ಲಿಗೆ ಹೋಗುವವರು ಯಾರು?

ತುಂಬಿದ ಸೆಲ್ 4.2 ವೋಲ್ಟ್ ಕೊಡುತ್ತದೆ. ಚಿಪ್ ನಡೆಯುವುದು ಅದನ್ನು 3.3 ವೋಲ್ಟ್‌ಗೆ ಇಳಿಸಿ ಕೊಡುವ ರೆಗ್ಯುಲೇಟರ್‌ನಿಂದ. ತನ್ನ ಪೂರೈಕೆಗಿಂತ ಹೆಚ್ಚಿನ ವೋಲ್ಟೇಜನ್ನು ಚಿಪ್ ನೇರವಾಗಿ ಅಳೆಯಲಾರದು. ಹಾಗಾಗಿ ಎರಡು ರೆಸಿಸ್ಟರ್ ಹಾಕಿ ವೋಲ್ಟೇಜನ್ನು ಇಳಿಸಿ ಅಳೆಯಬೇಕು. ಎಲ್ಲೆಡೆ ಕಾಣುವ ನಕ್ಷೆಗಳಲ್ಲಿ ತಲಾ 10 ಕಿಲೋ ಓಮ್‌ನ ಎರಡು ಇರುತ್ತವೆ. ಆ ಜೋಡಿ ಹಗಲೂ ರಾತ್ರಿ ಸುಮಾರು 0.2 ಮಿಲಿ ಆಂಪಿಯರ್ ಕುಡಿಯುತ್ತದೆ. ನಿದ್ರೆಯಲ್ಲಿರುವ ಚಿಪ್‌ಗೆ ಬೇಕಾದುದು ಐದಾರು ಮೈಕ್ರೋ ಆಂಪಿಯರ್ ಅಷ್ಟೇ. ಕಾವಲುಗಾರನ ಸಂಬಳ ಬೆಳೆಯ ಬೆಲೆಯನ್ನೇ ಮೀರಿದ ಹಾಗೆ! ನಾನು ಮೇಲೆ 1 ಮೆಗಾ ಓಮ್, ಕೆಳಗೆ 330 ಕಿಲೋ ಓಮ್ ಹಾಕಿದೆ. ಸೋರಿಕೆ ಸುಮಾರು 3 ಮೈಕ್ರೋ ಆಂಪಿಯರ್‌ಗೆ ಇಳಿಯಿತು. ಇಷ್ಟು ದೊಡ್ಡ ರೆಸಿಸ್ಟರ್‌ಗಳಿದ್ದರೆ ಎಡಿಸಿ, ಅಂದರೆ ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್‌ನೊಳಗಿನ ಭಾಗ, ತಪ್ಪು ಓದುತ್ತದೆ. ಕೆಳಗಿನ ರೆಸಿಸ್ಟರ್‌ಗೆ ಸಮಾನಾಂತರವಾಗಿ 0.1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬೆಸೆದರೆ ಆ ತೊಂದರೆ ತೀರುತ್ತದೆ.

ಅಳತೆಗೋಲಾಗಿ ಚಿಪ್‌ನೊಳಗಿನ 1.1 ವೋಲ್ಟ್ ರೆಫರೆನ್ಸನ್ನೇ ಬಳಸಿದೆ. ಸೆಲ್ ಬಳಲಿ 3.3 ವೋಲ್ಟ್ ಪೂರೈಕೆಯೇ ಕುಸಿದರೂ ಅದು ಕದಲುವುದಿಲ್ಲ. ಆದರೆ ಹೆಸರಿಗಷ್ಟೇ 1.1, ಚಿಪ್‌ನಿಂದ ಚಿಪ್‌ಗೆ 1.0ರಿಂದ 1.2ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಪ್ರತಿ ಚಿಪ್ಪನ್ನೂ ಮಲ್ಟಿಮೀಟರ್‌ಗೆ ಹೋಲಿಸಿ, ಅದರದೇ ಸಂಖ್ಯೆಯನ್ನು ವಿದ್ಯುತ್ ಹೋದರೂ ಅಳಿಯದ ಅದರ ನೆನಪಾದ ಇಇಪ್ರಾಮ್‌ನಲ್ಲಿ ಬರೆದಿಡುತ್ತೇನೆ. 4.2 ವೋಲ್ಟ್‌ಗೆ 970ರ ಆಸುಪಾಸು, 3.0ಕ್ಕೆ 693ರ ಆಸುಪಾಸು ಓದು ಬರುತ್ತದೆ. ಒಂದು ಅಂಕಿಗೆ ನಾಲ್ಕು ಮಿಲಿವೋಲ್ಟ್‌ಗಿಂತ ತುಸು ಹೆಚ್ಚು. ಈ ಕೆಲಸಕ್ಕೆ ಧಾರಾಳ.

ವೋಲ್ಟ್ ಸಿಕ್ಕಿತೆಂದರೆ ಚಾರ್ಜ್ ಸಿಕ್ಕಿತೆಂದಲ್ಲ. ಲಿಥಿಯಂ ಸೆಲ್‌ನ ವೋಲ್ಟೇಜ್ ಸರಳರೇಖೆಯಲ್ಲಿ ಇಳಿಯುವುದಿಲ್ಲ. ನಡುವೆ ಬಹಳ ಹೊತ್ತು ನಿಧಾನವಾಗಿ ಸಾಗಿ, ಕೊನೆಯಲ್ಲಿ ಧಡಕ್ಕನೆ ಬೀಳುತ್ತದೆ. 4.2 ಮತ್ತು 3.0ರ ನಡುವೆ ಗೆರೆ ಎಳೆದು ಶೇಕಡಾ ತೋರಿಸುವ ಪ್ರೋಗ್ರಾಂಗಳ ಮೇಲೆ ನನಗೆ ನಂಬಿಕೆಯಿಲ್ಲ. ಮೇಜಿನ ಮೇಲೆ 10 ಓಮ್, 5 ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್ ಮೂಲಕ ಸೆಲ್ ಖಾಲಿ ಮಾಡುತ್ತಾ, ಕರೆಂಟ್ ಅಳೆಯುವ ಐಎನ್‌ಎ219 ಬೋರ್ಡಿನಿಂದ ಹರಿದ ಕರೆಂಟನ್ನು ಕೂಡಿಸುತ್ತಾ ಹೋದೆ. ಆಗಾಗ ಆ ರೆಸಿಸ್ಟರ್ ತೆಗೆದು, ಅರ್ಧ ಗಂಟೆ ಬಿಟ್ಟು ವೋಲ್ಟೇಜ್ ಬರೆದುಕೊಂಡೆ. ಆ ಕೋಷ್ಟಕವೇ ಈಗ ಪ್ರೋಗ್ರಾಂನಲ್ಲಿದೆ. ಐಎನ್‌ಎ219 ಅನ್ನು ಪೆಟ್ಟಿಗೆಯಲ್ಲೇ ಇಡಬಹುದಲ್ಲವೇ ಎಂದರೆ, ಎಚ್ಚರವಿದ್ದಾಗ ಅದೇ ಸುಮಾರು ಒಂದು ಮಿಲಿ ಆಂಪಿಯರ್ ತಿನ್ನುತ್ತದೆ.

ಆ ಕೋಷ್ಟಕ ದಣಿವಾರಿಸಿಕೊಂಡ ಸೆಲ್‌ಗೆ ಮಾತ್ರ ಸರಿ. ಬಿಸಿಲಿನಲ್ಲಿ ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ಉಬ್ಬಿರುತ್ತದೆ, ರೇಡಿಯೊ ನುಡಿಯುವಾಗ ಕುಗ್ಗಿರುತ್ತದೆ. ಆದ್ದರಿಂದ ಶೇಕಡಾ ಲೆಕ್ಕಕ್ಕೆ ಹಿಡಿಯುವುದು ಬೆಳಗಿನ ಜಾವ ನಾಲ್ಕರ ಒಂದೇ ಓದನ್ನು, ಅದೂ ರೇಡಿಯೊ ಎಬ್ಬಿಸುವ ಮೊದಲು. ದಿನದ ಉಳಿದ ಓದುಗಳು ಸೆಲ್ ಸಾಯುತ್ತಿದೆಯೇ ಇಲ್ಲವೇ ಎಂದು ನೋಡಲು ಮಾತ್ರ. 3.5 ವೋಲ್ಟ್‌ಗೆ ಇಳಿದರೆ ಹತ್ತು ನಿಮಿಷಕ್ಕೊಮ್ಮೆ ಬದಲು ಗಂಟೆಗೊಮ್ಮೆ ಸಂದೇಶ, 3.3ಕ್ಕೆ ರೇಡಿಯೊ ಬಂದ್, ಮಳೆ ಎಣಿಕೆ ಮಾತ್ರ. ಚಾರ್ಜಿಂಗ್ ಬೋರ್ಡಿನ ರಕ್ಷಣಾ ಚಿಪ್ ಸೆಲ್ಲನ್ನು ಕಡಿಯುವುದು ಸುಮಾರು 2.4ಕ್ಕೆ. ಸೆಲ್‌ನ ಆಯುಸ್ಸಿನ ದೃಷ್ಟಿಯಿಂದ ಅದು ತೀರಾ ತಡ.

ಹಾಗೆಂದು ರೇಡಿಯೊ ನುಡಿಯುವಾಗಿನ ಓದನ್ನು ಎಸೆಯುವುದೂ ಇಲ್ಲ. ಸುಮಾರು 120 ಮಿಲಿ ಆಂಪಿಯರ್ ಎಳೆದಾಗ ಒಳ್ಳೆಯ ಸೆಲ್ ಒಂದೆರಡು ಅಂಕಿ ಕುಗ್ಗುತ್ತದೆ; ಹಳೆಯ ಲ್ಯಾಪ್‌ಟಾಪ್‌ನಿಂದ ಬಿಚ್ಚಿದ ಸೆಲ್ ಎಂಟು ಹತ್ತು ಅಂಕಿ. ಈ ಅಂತರವನ್ನೂ ಪ್ರತಿ ಮುಂಜಾನೆಯ ಸಂದೇಶದಲ್ಲಿ ಕಳಿಸುತ್ತೇನೆ. ಅದು ವಾರದಿಂದ ವಾರಕ್ಕೆ ಹಿಗ್ಗತೊಡಗಿದರೆ, ಶೇಕಡಾ ಎಷ್ಟೇ ತೋರಿಸಲಿ, ಮಳೆ ಹಿಡಿಯುವ ಮೊದಲೇ ಸೆಲ್ ಬದಲಿಸಿಬಿಡುತ್ತೇನೆ.