ಗ್ರಾಫಿನಲ್ಲಿ ಕಾಣದೇ ಹೋದ ನಾಲ್ಕು ಗಂಟೆ

ಸರ್ವರ್ ರಾತ್ರಿ ಹೊತ್ತು ಎಡವುತ್ತಿದೆ ಅಂತ ದೂರು ಬಂದಿತ್ತು. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಲಾಗಿನ್ ಆಗುವ ದಾರಿ) ಮೂಲಕ ಒಳಗೆ ಹೋದೆ. ಅಲ್ಲಿದ್ದದ್ದು ಕಪ್ಪು ಟರ್ಮಿನಲ್, ಹಿಂದಿನ ದಿನದ ಉದ್ದನೆಯ ಆಕ್ಸೆಸ್ ಲಾಗ್ (ಬಂದ ಪ್ರತಿ ರಿಕ್ವೆಸ್ಟಿಗೆ ವೆಬ್ ಸರ್ವರ್ ಒಂದೊಂದು ಸಾಲು ಬರೆದಿಡುವ ಫೈಲ್), ಅಷ್ಟೇ. ಫೈಲನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಸ್ಪ್ರೆಡ್‌ಶೀಟಿನಲ್ಲಿ ಗ್ರಾಫ್ ಬಿಡಿಸಬಹುದಿತ್ತು. ಆದರೆ ನನಗೆ ಬೇಕಿದ್ದದ್ದು ಒಂದೇ ಉತ್ತರ: 500ರ ಎರರ್ (ಸರ್ವರ್ ಕಡೆಯ ತಪ್ಪು) ಯಾವ ಗಂಟೆಯಲ್ಲಿ ಜಾಸ್ತಿ? ಅಷ್ಟಕ್ಕೆ ಅಷ್ಟೆಲ್ಲ ಓಡಾಟ ಯಾಕೆ, ಇಲ್ಲೇ ನೋಡೋಣ ಅಂದುಕೊಂಡೆ.

ಗ್ನುಪ್ಲಾಟ್‌ಗೆ (ಗ್ರಾಫ್ ಬಿಡಿಸುವ ಒಂದು ಪ್ರೋಗ್ರಾಮ್) ಅಕ್ಷರಗಳಲ್ಲೇ ಗ್ರಾಫ್ ಬಿಡಿಸಲು ಬರುತ್ತದೆ. ಅದಕ್ಕೆ ‘ಡಂಬ್’ ಅನ್ನೋ ಟರ್ಮಿನಲ್ ಆರಿಸಿದರೆ ಸಾಕು. ಆದರೆ ಆ ಸರ್ವರಿನಲ್ಲಿ ಅದು ಇರಲಿಲ್ಲ, ಬೇರೆಯವರ ಯಂತ್ರಕ್ಕೆ ಹೊಸದೇನನ್ನೂ ಹಾಕುವ ಮನಸ್ಸೂ ನನಗಿರಲಿಲ್ಲ. ಫೈಲನ್ನು ಸಾಲುಸಾಲಾಗಿ ಓದಿ ಲೆಕ್ಕ ಹಾಕುವ ಆಕ್ ಹಾಗಲ್ಲ. 1977ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ್ದು, ಯುನಿಕ್ಸ್ ಮನೆತನದ ಯಾವ ಯಂತ್ರಕ್ಕೆ ಹೋದರೂ ಸಿಗುತ್ತದೆ.

ಎಣಿಸುವ ಕೆಲಸ ಸುಲಭ. ಒಂಬತ್ತನೇ ಕಾಲಮ್ಮಿನಲ್ಲಿ 500 ಇರುವ ಸಾಲುಗಳನ್ನು ಸೋಸಿದೆ. ಆ ಸಾಲನ್ನು ಕೋಲನ್ ಇರುವಲ್ಲಿ ಒಡೆದರೆ ಎರಡನೇ ತುಂಡೇ ಗಂಟೆ. (ಸಾಲಿನ ಮೊದಲಲ್ಲಿರುವ ಇಂಟರ್ನೆಟ್ ವಿಳಾಸ ಐಪಿವಿ6 ಅನ್ನೋ ಹೊಸ ಬಗೆಯದಾಗಿದ್ದರೆ ಅದರೊಳಗೇ ಕೋಲನ್ ಇರುತ್ತದೆ, ಲೆಕ್ಕ ಕೆಡುತ್ತದೆ. ಈ ಲಾಗಿನಲ್ಲಿ ಅಂಥವು ಇರಲಿಲ್ಲ, ಬಚಾವ್.) ಬಂದದ್ದನ್ನು ಸಾರ್ಟ್‌ಗೆ, ಅಲ್ಲಿಂದ ಒಂದೇ ಥರದ ಸಾಲುಗಳನ್ನು ಎಣಿಸುವ ಯುನಿಕ್ ಮೈನಸ್ ಸಿಗೆ ಪೈಪ್ ಮಾಡಿದೆ. ಯುನಿಕ್ ಅಕ್ಕಪಕ್ಕದ ಸಾಲುಗಳನ್ನು ಮಾತ್ರ ಹೋಲಿಸುವುದರಿಂದ ಮೊದಲು ಸಾರ್ಟ್ ಮಾಡಲೇಬೇಕು.

ಇನ್ನು ಗ್ರಾಫ್. ಒಂದು ಎರರ್‌ಗೆ ಒಂದು ಹ್ಯಾಶ್ (#) ಅಂತ ಮೊದಲು ಹಾಕಿದೆ. 80 ಅಕ್ಷರ ಅಗಲದ ಪರದೆಯಲ್ಲಿ 240 ಹ್ಯಾಶ್ ಎಲ್ಲಿ ಹಿಡಿಸುತ್ತದೆ? ಒಂದೇ ಪಟ್ಟಿ ಮೂರ್ನಾಲ್ಕು ಸಾಲಿಗೆ ಮುರಿದು ಬಿತ್ತು. ಹಾಗಾಗಿ ಎಲ್ಲ ಸಂಖ್ಯೆಗಳನ್ನೂ ಅರೇಯಲ್ಲಿ ಇಟ್ಟುಕೊಂಡು, ದೊಡ್ಡದು ಯಾವುದು ಅಂತ ಗುರುತಿಟ್ಟು, ಎಲ್ಲ ಸಾಲು ಓದಿ ಮುಗಿದ ಮೇಲೆ ಆಕ್ ಓಡಿಸುವ ಎಂಡ್ ಬ್ಲಾಕಿನಲ್ಲಿ ಪಟ್ಟಿ ಎಳೆಸಿದೆ. ಸಂಖ್ಯೆಯನ್ನು 40ರಿಂದ ಗುಣಿಸಿ ದೊಡ್ಡ ಸಂಖ್ಯೆಯಿಂದ ಭಾಗಿಸಿದರೆ ಪಟ್ಟಿಯ ಉದ್ದ. ಸೊನ್ನೆಯಲ್ಲದ ಸಂಖ್ಯೆಗೆ ಕನಿಷ್ಠ ಒಂದು ಹ್ಯಾಶ್ ಬೀಳಲಿ ಅಂತ ಒಂದು ಷರತ್ತನ್ನೂ ಸೇರಿಸಿದೆ. ಇಲ್ಲದಿದ್ದರೆ 3 ಎರರ್ ಬಂದ ಗಂಟೆ ಖಾಲಿಯಾಗಿ ಕಾಣುತ್ತದೆ.

ಹ್ಯಾಶ್ ಬದಲು ತುಂಬಿದ ಚೌಕ ಇದ್ದರೆ ಚೆಂದ ಅನ್ನಿಸಿತು. ಸ್ಪೇಸ್‌ಗಳನ್ನು ಮುದ್ರಿಸಿ ಟಿಆರ್ ಕಮಾಂಡಿನಿಂದ ಚೌಕಕ್ಕೆ ಬದಲಿಸಿದೆ. ಪರದೆ ತುಂಬಾ ಪ್ರಶ್ನಾರ್ಥಕ ಚಿಹ್ನೆ! ಆ ಚೌಕಕ್ಕೆ ಯುಟಿಎಫ್-8 ಅನ್ನೋ ಅಕ್ಷರ ಸಂಕೇತದಲ್ಲಿ 3 ಬೈಟ್ ಬೇಕು. ಗ್ನೂ ಟಿಆರ್ ಬೈಟ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಹಾಗಾಗಿ ಮೊದಲ ಬೈಟನ್ನಷ್ಟೇ ಇಟ್ಟಿತ್ತು. ಪಠ್ಯ ಬದಲಿಸುವ ಇನ್ನೊಂದು ಕಮಾಂಡ್ ಸೆಡ್ ಹಾಕಿದ್ದರೆ ಸರಿಹೋಗುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ನನಗೆ ಸಾಕಾಗಿ, ಸುಮ್ನೆ ಹ್ಯಾಶ್‌ಗೇ ವಾಪಸ್ ಬಂದೆ.

ಗ್ರಾಫ್ ಚೆನ್ನಾಗಿಯೇ ಬಂತು. 2 ಮತ್ತು 3 ಗಂಟೆಗೆ ಉದ್ದನೆಯ ಪಟ್ಟಿಗಳು, ಉಳಿದೆಡೆ ಚಿಕ್ಕವು. ‘ಎರಡು ಗಂಟೆ ತೊಂದರೆ, ಆಮೇಲೆ ತಾನೇ ಸರಿಹೋಗಿದೆ’ ಅಂತ ಬರೆದು ಕಳಿಸುವವನಿದ್ದೆ. ಯಾಕೋ ಸಾಲು ಎಣಿಸಿದೆ. 20 ಇತ್ತು. ದಿನಕ್ಕೆ 24 ಗಂಟೆ ಅಲ್ವಾ?

ತಪ್ಪು ಗೊತ್ತಾಯಿತು. ಯುನಿಕ್ ಇದ್ದದ್ದನ್ನು ಎಣಿಸುತ್ತದೆ, ಇಲ್ಲದ್ದಕ್ಕೆ ಸೊನ್ನೆ ಬರೆಯುವುದಿಲ್ಲ. 03ರ ಕೆಳಗೆ ನೇರವಾಗಿ 08 ಕೂತಿತ್ತು. ಪಟ್ಟಿಗಳು ಒತ್ತಾಗಿದ್ದರಿಂದ ಕಣ್ಣು ಜಾರಿಕೊಂಡು ಹೋಗಿತ್ತು.

ಎಂಡ್ ಬ್ಲಾಕಿನಲ್ಲಿ 0ಯಿಂದ 23ರವರೆಗೆ ನಾನೇ ಲೂಪ್ ಹಾಕಿದೆ. ಈಗ ಇನ್ನೊಂದು ತಮಾಷೆ: 0ಯಿಂದ 9ರವರೆಗೆ ಎಲ್ಲವೂ ಸೊನ್ನೆ! ಲಾಗಿನಲ್ಲಿ ಇರುವುದು ‘02’, ನನ್ನ ಲೂಪ್ ಹುಡುಕುತ್ತಿದ್ದದ್ದು ‘2’. ಆಕ್‌ನ ಅರೇಗೆ ಇವೆರಡೂ ಬೇರೆ ಬೇರೆ ಕೀಲಿ. ಗಂಟೆಗೆ ಒಂದು ಸೊನ್ನೆ ಕೂಡಿಸಿದೆ, ಅದು ಸಂಖ್ಯೆಯಾಯಿತು, ಮುಂದಿದ್ದ ಸೊನ್ನೆ ಉದುರಿತು. ಆಗ ಬಂದ ಗ್ರಾಫಿನ ಒಂದು ತುಣುಕು ಇದು:

 1   12 ##
 2  240 ########################################
 3  186 ###############################
 4    0
 5    0
 6    0
 7    0
 8   18 ###

ಬೇರೆ ಗಂಟೆಗಳಲ್ಲೆಲ್ಲ ಹತ್ತಾರು ಎರರ್ ಇರುವ ಸರ್ವರ್ ನಾಲ್ಕು ಗಂಟೆ ಒಂದೂ ತಪ್ಪು ಮಾಡದೆ ಓಡಿತು ಅಂದರೆ ನಂಬೋದು ಹೇಗೆ? 500ರ ಸೋಸುವಿಕೆ ತೆಗೆದು, ಬಂದ ಎಲ್ಲ ರಿಕ್ವೆಸ್ಟ್‌ಗಳಿಗೂ ಅದೇ ಗ್ರಾಫ್ ಹಾಕಿಸಿದೆ. 4ರಿಂದ 7ರವರೆಗೆ ಅಲ್ಲೂ ಸೊನ್ನೆ. ಎರರ್ ಇರಲಿಲ್ಲ ಅಂತಲ್ಲ, ಬರೆದುಕೊಳ್ಳಲು ವೆಬ್ ಸರ್ವರೇ ಬದುಕಿರಲಿಲ್ಲ. ಸಿಸ್ಟಮ್ ಲಾಗ್ ನೋಡಿದರೆ ಎಲ್ಲ ಅಲ್ಲೇ ಇತ್ತು: 2 ಗಂಟೆಗೆ ಶುರುವಾದ ಬ್ಯಾಕಪ್ ಕೆಲಸ ಮೆಮರಿಯನ್ನು ತಿನ್ನುತ್ತಾ ಹೋಗಿ, 4 ಗಂಟೆಗೆ ಸರಿಯಾಗಿ ಮೆಮರಿ ಮುಗಿದಾಗ ಯಾವುದಾದರೂ ಪ್ರೋಗ್ರಾಮನ್ನು ಕೊಲ್ಲುವ ಔಟ್ ಆಫ್ ಮೆಮರಿ ಕಿಲ್ಲರ್ ವೆಬ್ ಸರ್ವರನ್ನು ಮುಗಿಸಿತ್ತು. 8 ಗಂಟೆಗೆ ಯಾರೋ ಬಂದು ಮತ್ತೆ ಚಾಲೂ ಮಾಡಿದ್ದರು.

ಆ ಆಕ್ ತುಂಡನ್ನು ಒಂದು ಸ್ಕ್ರಿಪ್ಟ್ ಮಾಡಿ ಇಟ್ಟುಕೊಂಡಿದ್ದೇನೆ. ಈಗ ಅದು ಎರಡು ಗ್ರಾಫ್ ಹಾಕುತ್ತದೆ, ಮೊದಲು ಒಟ್ಟು ರಿಕ್ವೆಸ್ಟ್, ಅದರ ಕೆಳಗೆ ಎರರ್. ಚೌಕಗಳನ್ನು ಇನ್ನೂ ಹಾಕಿಲ್ಲ.